ಅಬ್ಬಿ ನೀರಿಗೆ ಬರೆದ ಅರ್ಜಿ

ಅರ್ಜಿ ಬರೆಯುವುದು ನನ್ನ ಕಸುಬು. ನರಸಿಂಹರಾಜಪುರದಲ್ಲಿ ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಅರ್ಧಭಾಗ ನನ್ನದು. ಮೊದಲು ಒಂದು ಮೇಜು, ಎರಡು ಪೆನ್ನು, ಬಿಳಿ ಹಾಳೆಯ ಕಟ್ಟು ಇದ್ದವು. ಈಗ ಕಂಪ್ಯೂಟರ್ ಬಂದಿದೆ. ಮೊದಲು ಜನ ಗುಮಾಸ್ತರನ್ನು ಬೈಯುತ್ತಿದ್ದರು, ಈಗ ಕಂಪ್ಯೂಟರಿನ ಸರ್ವರ್ ಅನ್ನು ಬೈಯುತ್ತಾರೆ. ಎದುರಿಗೆ ಕೂತು ಕೇಳಿಸಿಕೊಳ್ಳುವವನು ಆಗಲೂ ನಾನೇ, ಈಗಲೂ ನಾನೇ.

ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ. ‘ಸದರಿ ಜಾಗವು ನಮ್ಮ ಹಿರಿಯರ ಕಾಲದಿಂದಲೂ ನಮ್ಮ ಸ್ವಾಧೀನಾನುಭವದಲ್ಲಿರುತ್ತದೆ.’ ನಮ್ಮ ಸೀಮೆಯಲ್ಲಿ ಸರ್ಕಾರಿ ಜಾಗದಲ್ಲಿ ಗದ್ದೆಯನ್ನೋ ತೋಟವನ್ನೋ ಮಾಡಿಕೊಂಡವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಕೇಳುವಾಗ, ತಾವು ಅಲ್ಲಿ ಬಹಳ ಕಾಲದಿಂದ ಇದ್ದೇವೆಂದು ತೋರಿಸಬೇಕು. ನಿನ್ನೆ ಬಂದವನಿಗೆ ಏನೂ ಇಲ್ಲ, ಅಜ್ಜನ ಕಾಲದಿಂದ ಇದ್ದವನಿಗೆ ಹಕ್ಕುಪತ್ರ. ಹಾಗಾಗಿ ಮೊನ್ನೆ ಮೊನ್ನೆ ಬೇಲಿ ಹಾಕಿದವರೂ ನನ್ನ ಮುಂದೆ ಕೂತು ಅಜ್ಜನನ್ನು ನೆನೆಯುತ್ತಾರೆ. ನಾನೂ ಬರೆಯುತ್ತೇನೆ. ಬರೆದು ಬರೆದು ಕೈಗೆ ಅದೊಂದು ಚಟವಾಗಿಬಿಟ್ಟಿದೆ. ಒಮ್ಮೆ ಹರಿಹರಪುರದ ಕಡೆಯ ಒಂದು ಹಳ್ಳಿಯವರು ತಮ್ಮೂರಿನ ಗೇಟಿನ ಹತ್ತಿರ ಬಸ್ಸು ನಿಲ್ಲಿಸಬೇಕೆಂದು ಅರ್ಜಿ ಬರೆಸಿಕೊಂಡು ಹೋದರು. ಅವರು ಹೋದ ಮೇಲೆ ಪ್ರತಿ ನೋಡುತ್ತೇನೆ, ಆ ಬಸ್ ಸ್ಟಾಪೂ ಹಿರಿಯರ ಕಾಲದಿಂದ ಅವರ ಸ್ವಾಧೀನಾನುಭವದಲ್ಲಿದೆ. ಯಾರೂ ಗಮನಿಸಿದಂತೆ ಕಾಣಲಿಲ್ಲ. ಬಸ್ಸು ಈಗ ಅಲ್ಲಿ ನಿಲ್ಲುತ್ತದೆ.

ಅದೇ ವಾಕ್ಯ ನನ್ನ ಅಕ್ಕನ ಮನೆಯ ಕುಡಿಯುವ ನೀರಿಗೆ ಕುತ್ತು ತಂದಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ರೇಗುತ್ತದೆ. ನನ್ನ ಮೇಲೆ ರೇಗಿ ಮುಗಿದ ಮೇಲೆ ಉಳಿದವರ ಮೇಲೆ ರೇಗುತ್ತದೆ.

ಅಕ್ಕನ ಮನೆ ಸೀತೂರಿನಿಂದ ಆಚೆ, ಗುಡ್ಡದ ಓರೆಯಲ್ಲಿ. ಭಾವ ತೀರಿಕೊಂಡ ಮೇಲೆ ಗದ್ದೆ ತೋಟ ಎಲ್ಲ ಅವಳದೇ ಯಜಮಾನಿಕೆ. ಮೇಲೊಂದು, ಕೆಳಗೊಂದು ಮನೆ ಇವೆ. ಮೂರೂ ಮನೆಗೆ ನೀರು ಮೇಲಿನ ಕಾಡಿನೊಳಗಿನ ಒಂದು ಒರತೆಯಿಂದ ಬರುತ್ತದೆ. ಪಂಪಿಲ್ಲ, ಏನಿಲ್ಲ, ಇಳಿಜಾರಿಗೆ ತಾನಾಗಿ ಹರಿದು ಅಂಗಳಕ್ಕೆ ಬಂದು ಬೀಳುವ ನೀರು. ನಮ್ಮಲ್ಲಿ ಅದಕ್ಕೆ ಅಬ್ಬಿ ನೀರು ಎನ್ನುತ್ತೇವೆ. ಅಕ್ಕನ ಮಾವ, ಅಂದರೆ ಭಾವನ ಅಪ್ಪ, ಒರತೆಯ ಬಾಯಿಗೆ ಒಂದು ಕಲ್ಲು ಕೂರಿಸಿ, ಅದರಲ್ಲಿ ತೂತು ಕೊರೆದು, ಅಡಕೆ ಮರ ಸೀಳಿದ ದಂಬೆಯಲ್ಲಿ ನೀರು ತಂದಿದ್ದರಂತೆ. ದಂಬೆ ಹೋಗಿ ಈಗ ಕಪ್ಪು ಪೈಪು ಬಂದಿದೆ. ಕಲ್ಲು ಅದೇ.

ನೀರಿಗೆ ಕೊರತೆಯಿಲ್ಲ. ಕೊರತೆ ಕರೆಂಟಿಗೆ. ಅವರದು ಲೈನಿನ ಕೊನೆಯ ಕಂಬ. ಬಲ್ಬಿನ ಒಳಗಿನ ತಂತಿ ಕೆಂಪಾಗುತ್ತದೆ, ಬೆಳಕಾಗುವುದಿಲ್ಲ. ಅಕ್ಕ ಪಕ್ಕದ ಎರಡು ಮನೆಯ ಹೆಂಗಸರನ್ನು ಸೇರಿಸಿಕೊಂಡು ಅಡಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಯಂತ್ರ ಹಾಕಿಸಿದ್ದಳು. ಅದರ ಅಚ್ಚು ಕಾಯಬೇಕು. ಕಾಯಬೇಕಾದರೆ ಕರೆಂಟು ಬೇಕು. ನೆನೆಸಿಟ್ಟ ಹಾಳೆ ಬೂಸಲು ಹಿಡಿದು ನಾರುವವರೆಗೂ ಮೂವರು ಹೆಂಗಸರು ಯಂತ್ರದ ಮುಂದೆ ಕೂತು ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆಗಲೇ ನಾವಿಬ್ಬರೂ ಶೃಂಗೇರಿಯ ಕಡೆಯ ಒಬ್ಬ ನೆಂಟರ ಮನೆಗೆ ಹೋದದ್ದು. ಅವರ ಮನೆಯ ಹಿಂದೆ, ಹಳ್ಳದ ಪಕ್ಕ, ಒಂದು ತಗಡಿನ ಗೂಡಿನಲ್ಲಿ ಕುಕ್ಕರಿಗಿಂತ ಸ್ವಲ್ಪ ದೊಡ್ಡದಾದ ಯಂತ್ರ ಗುಂಯ್ ಎನ್ನುತ್ತಿತ್ತು. ಮೇಲಿನಿಂದ ಪೈಪಿನಲ್ಲಿ ಬಂದ ನೀರು ಒಂದು ಚಕ್ರಕ್ಕೆ ಬಡಿಯುತ್ತದೆ, ಚಕ್ರ ತಿರುಗುತ್ತದೆ, ಮನೆಗೆ ಕರೆಂಟು ಬರುತ್ತದೆ, ನೀರು ಮತ್ತೆ ಹಳ್ಳಕ್ಕೆ ಹೋಗುತ್ತದೆ. ಅಷ್ಟೇ. ಅಕ್ಕ ಅದರ ಸುತ್ತ ಎರಡು ಸುತ್ತು ಬಂದಳು.

“ಇದು ನಮ್ಮನೆಗೂ ಆಗ್ತದೆ ಕಣಾ,” ಎಂದಳು.

ನಾನು ನೆಂಟರನ್ನು ಕೇಳಿದೆ, ಇದಕ್ಕೆ ಪರ್ಮಿಷನ್ ಎಲ್ಲಿ ತಗೊಂಡ್ರಿ ಎಂದು. ಅವರಿಗೆ ನಗು ತಡೆಯಲಿಲ್ಲ.

“ನೀರು ಕೆಳಗೆ ಹರೀಲಿಕ್ಕೆ ಎಂತ ಪರ್ಮಿಷನ್ ಮಾರಾಯ?”

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅರ್ಜಿ ಬರೆಯುವವನ ಅಕ್ಕ ಕಾಗದವಿಲ್ಲದೆ ಕೆಲಸ ಮಾಡುವುದೆಂದರೇನು? ನನ್ನ ಕಸುಬಿನ ಮರ್ಯಾದೆ ಏನಾಗಬೇಕು? ಟರ್ಬೈನು ಎಂಬ ಆ ಚಕ್ರಕ್ಕೆ ದಪ್ಪ ಪೈಪು ಬೇಕು, ಅದು ಸರ್ಕಾರಿ ಕಾಡಿನೊಳಗಿಂದ ಬರಬೇಕು, ನಾಳೆ ಯಾರಾದರೂ ತಕರಾರು ತೆಗೆದರೆ ಕಷ್ಟ ಎಂದು ಬಸ್ಸಿನುದ್ದಕ್ಕೂ ಅವಳಿಗೆ ಉಪದೇಶ ಮಾಡಿದೆ. ಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಅವಳು, “ಆಯ್ತು, ನಿಂಗೆ ಗೊತ್ತಿದ್ದಂಗೆ ಮಾಡು,” ಎಂದಳು.

ಫಾರಂ ಕಂಪ್ಯೂಟರಿನಲ್ಲೇ ತುಂಬಬೇಕು. ಅದನ್ನು ತಯಾರಿಸಿದವರು ಯಾರೋ ದೊಡ್ಡ ನದಿಗೆ ಅಣೆಕಟ್ಟು ಕಟ್ಟುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಮುಳುಗಡೆಯಾಗುವ ಗ್ರಾಮಗಳ ಹೆಸರು ಎಂದು ಕೇಳಿತು. ಭದ್ರಾ ಹಿನ್ನೀರಿನ ಪಕ್ಕದಲ್ಲೇ ಬದುಕುವ ನಮಗೆ ಮುಳುಗಡೆ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಯಂತ್ರ ಒಂದು ಬಕೆಟ್ಟನ್ನೂ ಮುಳುಗಿಸುವುದಿಲ್ಲ. ‘ಇಲ್ಲ’ ಎಂದು ಬರೆದರೆ ಒಪ್ಪಲಿಲ್ಲ, ಪಟ್ಟಿಯಿಂದ ಒಂದು ಊರನ್ನು ಆರಿಸಲೇಬೇಕು ಎಂದಿತು. ಆರಿಸಲು ಒಂದು ಊರೂ ಪಟ್ಟಿಯಲ್ಲಿ ಇರಲಿಲ್ಲ. ಮರುದಿನ ತೆರೆದರೆ ತಾನಾಗಿಯೇ ಆ ಪ್ರಶ್ನೆ ಬಿಟ್ಟು ಮುಂದೆ ಹೋಯಿತು. ವಿದ್ಯುತ್ತಿನ ಪ್ರಮಾಣವನ್ನು ಮೆಗಾವ್ಯಾಟಿನಲ್ಲೇ ಕೊಡಬೇಕು, ಅದೂ ಬಿಂದುವಿನ ನಂತರ ಎರಡೇ ಅಂಕಿ. ನಮ್ಮದು ಒಂದು ಕಿಲೋವ್ಯಾಟ್. ತುಂಬಿದರೆ ಸೊನ್ನೆ ಬಿಂದು ಸೊನ್ನೆ ಸೊನ್ನೆ ಆಗುತ್ತದೆ. ಸೊನ್ನೆ ಆಗುವಂತಿಲ್ಲ ಎಂದು ಕೆಂಪಕ್ಷರ ಬರುತ್ತದೆ. ಕೊನೆಗೆ ಸೊನ್ನೆ ಬಿಂದು ಸೊನ್ನೆ ಒಂದು ಎಂದು ಒತ್ತಿದೆ, ಅದು ಹತ್ತು ಕಿಲೋವ್ಯಾಟ್ ಆಯಿತು. ಆಮೇಲೆ ಒಂದು ಕಚೇರಿಯಿಂದ ಪತ್ರ ಬಂತು. ಅಷ್ಟು ಸಣ್ಣ ಒರತೆಯಿಂದ ಹತ್ತು ಕಿಲೋವ್ಯಾಟ್ ಹೇಗೆ ತೆಗೆಯುತ್ತೀರಿ, ವಿವರಣೆ ಕೊಡಿ ಎಂದು. ನಾನು ಅಂಗಡಿಯಲ್ಲೇ ತಲೆ ಚಚ್ಚಿಕೊಂಡೆ. ಜೆರಾಕ್ಸ್ ಮಾಡಿಸಲು ಬಂದಿದ್ದ ಹೆಂಗಸೊಬ್ಬರು ಹೆದರಿ ಹಿಂದೆ ಸರಿದರು.

ಕಚೇರಿಗಳು ಮೂರು. ನೆಲದ್ದು, ಅಂದರೆ ಕಾಡಿನವರದು ಒಂದು, ನೀರಿನದ್ದು ಒಂದು, ಕರೆಂಟಿನದ್ದು ಇನ್ನೊಂದು. ಮೂರೂ ಕಡೆ ಇರುವವರು ಕೆಟ್ಟವರಲ್ಲ, ಕೂರಿ ಎನ್ನುತ್ತಾರೆ, ಫ್ಯಾನು ಹಾಕುತ್ತಾರೆ. ಆದರೆ ನೆಲದವರು ನೀರಿನವರ ಒಪ್ಪಿಗೆ ತನ್ನಿ ಎನ್ನುತ್ತಾರೆ, ನೀರಿನವರು ಮೊದಲು ಕರೆಂಟಿನವರದ್ದು ಬರಲಿ ಎನ್ನುತ್ತಾರೆ, ಕರೆಂಟಿನವರಿಗೆ ನೆಲದ ಕಾಗದ ಇಲ್ಲದೆ ಫೈಲು ತೆರೆಯಲಿಕ್ಕೇ ಬರುವುದಿಲ್ಲ. ಹೀಗೆ ನಾನು ಎಷ್ಟು ಸಲ ಬಸ್ಸು ಹತ್ತಿದೆನೋ ನೆನಪಿಲ್ಲ. ಕಂಡಕ್ಟರ್ ನನ್ನನ್ನು ನೋಡಿದ ಕೂಡಲೇ ಊರು ಕೇಳದೆ ಟಿಕೇಟು ಹರಿಯುತ್ತಿದ್ದ. ಅದೊಂದೇ ಕೆಲಸ ಆ ವರ್ಷ ವಿಳಂಬವಿಲ್ಲದೆ ಆದದ್ದು.

ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ. ಮನೆಗೊಂದು ಚಕ್ರ ಹಾಕುವವಳಿಗೂ ನದಿ ತಿರುಗಿಸುವವನಿಗೂ ಒಂದೇ ಫಾರಂ ಕೊಡಬೇಡಿ. ಮೂರೂ ಕಚೇರಿಯವರು ಒಂದು ದಿನ ಒಂದೇ ಮೇಜಿನ ಮುಂದೆ ಕೂರಲಿ, ಅಥವಾ ಒಟ್ಟಿಗೆ ಗುಡ್ಡ ಹತ್ತಿ ಒರತೆ ನೋಡಲಿ. ಇಂಥ ದಿನದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿ. ಆಗುವುದಿಲ್ಲ ಎಂದರೂ ಬೇಸರವಿಲ್ಲ. ಕಾಡು ಕಾಯುವುದು ಬೇಡ ಎಂದು ನಾನು ಹೇಳುವುದಿಲ್ಲ, ಆ ಕಾಡಿಲ್ಲದಿದ್ದರೆ ಒರತೆಯೂ ಇಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಮಾತು ಮಾತ್ರ ನನಗೆ ಬೇಡ.

ಆದರೆ ಪತ್ರ ಬಂತು. ನಾವು ಕಾಯುತ್ತಿದ್ದದ್ದಲ್ಲ, ಬೇರೆಯದು.

ಅದನ್ನು ತಂದವರು ಕಾಡಿನ ಗಾರ್ಡ್. ಆ ಭಾಗದಲ್ಲಿ ಗಸ್ತು ತಿರುಗುವಾಗೆಲ್ಲ ಅವರು ಅಕ್ಕನ ಅಂಗಳಕ್ಕೆ ಬಂದು ಅಬ್ಬಿ ನೀರಿನಲ್ಲಿ ಮುಖ ತೊಳೆದು, ಬೊಗಸೆ ತುಂಬ ಕುಡಿದು ಹೋಗುವುದು ರೂಢಿ. ಅವತ್ತೂ ಕುಡಿದರು. ಕುಡಿದು, ಬಾಯಿ ಒರೆಸಿಕೊಂಡು, ಚೀಲದಿಂದ ನೋಟೀಸು ತೆಗೆದರು. ಹದಿನೈದು ದಿನದೊಳಗೆ ಪೈಪು ಮತ್ತು ಕಲ್ಲನ್ನು ಸ್ವಂತ ಖರ್ಚಿನಲ್ಲಿ ತೆರವು ಮಾಡಬೇಕು ಎಂದಿತ್ತು.

“ಎಂತ ಮಾಡದು ಅಮ್ಮ, ಮೇಲಿಂದ ಬಂದಿದ್ದು,” ಎಂದು ಅವರು ಸಹಿ ಹಾಕಿಸಿಕೊಳ್ಳುವಾಗ ತಲೆ ಎತ್ತಲಿಲ್ಲವಂತೆ.

ಅಕ್ಕ ಫೋನು ಮಾಡಿದಳು. ಅವಳಿಗೆ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ.

“ನೀ ಅರ್ಜೀಲಿ ಎಂತ ಬರ್ದಿದ್ದು?”

ಫಾರಮಿನ ಜೊತೆ ಲಗತ್ತಿಸಿದ್ದ ಅರ್ಜಿಯ ಪ್ರತಿ ತೆಗೆದು ನೋಡಿದೆ. ದಪ್ಪ ಪೈಪಿಗೆ ಅನುಮತಿ ಕೋರಿ ಎಂದು ಸರಿಯಾಗಿಯೇ ಶುರುವಾಗಿತ್ತು. ಎರಡನೇ ಪ್ಯಾರಾದ ಮೊದಲಿಗೇ, ಬಸ್ ಸ್ಟಾಪಿಗೆ ಅಂಟಿಕೊಂಡಂತೆ, ನನ್ನ ವಾಕ್ಯ ಬಂದು ಕೂತಿತ್ತು. ಸದರಿ ಜಾಗವು ಹಿರಿಯರ ಕಾಲದಿಂದಲೂ ನಮ್ಮ ಸ್ವಾಧೀನಾನುಭವದಲ್ಲಿರುತ್ತದೆ, ಅಲ್ಲಿ ನಮ್ಮ ಹಿರಿಯರು ಕೂರಿಸಿದ ಕಲ್ಲೂ ಇರುತ್ತದೆ. ಅರ್ಜಿಗೆ ತೂಕ ಬರಲಿ ಎಂದು ಬರೆದದ್ದು. ತಮಾಷೆಯೆಂದರೆ, ನಾನು ಜೀವಮಾನದಲ್ಲಿ ಬರೆದ ಆ ವಾಕ್ಯಗಳಲ್ಲಿ ಅಕ್ಷರಶಃ ನಿಜವಾದವು ಕೆಲವೇ, ಅದರಲ್ಲಿ ಇದೊಂದು.

ಕಂದಾಯದವರ ಮುಂದೆ ಹಕ್ಕು ಕೊಡಿಸುವ ಮಾತು ಕಾಡಿನವರ ಮುಂದೆ ತಪ್ಪೊಪ್ಪಿಗೆ. ನೋಟೀಸಿನಲ್ಲಿ ನನ್ನ ವಾಕ್ಯವನ್ನೇ ಒಂದಕ್ಷರ ಬಿಡದೆ ಎತ್ತಿ ಬರೆದು, ‘ಅರ್ಜಿದಾರರು ತಾವೇ ಒಪ್ಪಿಕೊಂಡಿರುವಂತೆ’ ಎಂದು ಮುಂದೆ ಸೇರಿಸಿದ್ದರು. ಇದು ನನಗೆ ಗೊತ್ತಿರಬೇಕಿತ್ತು. ಈ ರಸ್ತೆಯಲ್ಲಿ ಇದು ಗೊತ್ತಿರಬೇಕಾದವನು ಯಾರಾದರೂ ಇದ್ದರೆ ಅದು ನಾನೇ.

ಭಾನುವಾರ ಅಕ್ಕನ ಮನೆಗೆ ಹೋದೆ. ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಅಲ್ಲೇ ಇದ್ದರು. ಯಾರೂ ಜಗಳ ಮಾಡಲಿಲ್ಲ. ಮೇಲಿನ ಮನೆಯ ಹೆಂಗಸು ಅಂಗಳದಲ್ಲಿ ಬೀಳುತ್ತಿದ್ದ ನೀರನ್ನೇ ನೋಡುತ್ತ, “ಕೇಳ್ದೆ ಇದ್ದಿದ್ರೆ ಯಾರೂ ಈ ಕಡೆ ತಲೆ ಹಾಕ್ತಿರ್ಲಿಲ್ಲ, ಅಲ್ದಾ?” ಎಂದರು. ಮೂರು ಮನೆಗೂ ಬೇರೆ ನೀರಿಲ್ಲ. ಬಾವಿ ತೋಡಿದರೆ ಬಂಡೆ. ಹಳ್ಳದಿಂದ ಹೊತ್ತು ತರಬೇಕಾದರೆ ಅರ್ಧ ಗುಡ್ಡ ಇಳಿದು ಹತ್ತಬೇಕು. ಟರ್ಬೈನಿನ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅದನ್ನು ಎಲ್ಲರೂ ಮರೆತೇಬಿಟ್ಟಿದ್ದರು.

ಮರುದಿನ ಅಕ್ಕನನ್ನು ಕರೆದುಕೊಂಡು ಕಾಡಿನ ಕಚೇರಿಗೆ ಹೋದೆ. ಅಧಿಕಾರಿ ಚಿಕ್ಕ ವಯಸ್ಸಿನವರು, ಮಾತು ಮೃದು. ಫೈಲನ್ನು ಪೂರ್ತಿ ಓದಿದ್ದರು, ಅದೇ ಆಶ್ಚರ್ಯ.

“ಸರ್, ಆ ಗುಡ್ಡದಲ್ಲಿ ಪ್ರತಿ ಮನೆಯವರೂ ಹೀಗೇ ನೀರು ತರ್ತಾರೆ,” ಎಂದೆ.

“ತರ್ತಾರೆ, ನಂಗೂ ಗೊತ್ತು. ಅವರ್ಯಾರೂ ಬರೆದುಕೊಟ್ಟಿಲ್ಲ. ನೀವು ಬರೆದುಕೊಟ್ಟಿದ್ದೀರಿ. ಬರೆದದ್ದನ್ನ ಓದಿಲ್ಲ ಅಂತ ನಾನು ಹೇಳಕ್ಕಾಗಲ್ಲ.”

ಆಮೇಲೆ ಅವರೇ ದಾರಿ ತೋರಿಸಿದರು. ಹಳೆಯ ಅರ್ಜಿ ವಾಪಸ್ ತಗೊಳ್ಳಿ. ಹೊಸದಾಗಿ ಅರ್ಜಿ ಕೊಡಿ, ಮನೆಬಳಕೆಯ ನೀರನ್ನೂ ಅದರಲ್ಲೇ ಸೇರಿಸಿ. ಜೊತೆಗೆ ಒಂದು ಪ್ರಮಾಣಪತ್ರ. ಅಲ್ಲಿ ಈವರೆಗೆ ಪೈಪಾಗಲಿ ಕಲ್ಲಾಗಲಿ ಇಲ್ಲ, ತಾವಾಗಲಿ ಹಿರಿಯರಾಗಲಿ ಆ ನೀರನ್ನು ಎಂದೂ ಬಳಸಿಲ್ಲ ಎಂದು. ಹೊಸದಾಗಿ ಕೇಳುವವರಿಗೆ ಕೊಡಲು ದಾರಿಯಿದೆ, ಹಳೆಯದಿದ್ದರೆ ತೆಗೆಸುವುದು ಬಿಟ್ಟು ಬೇರೆ ದಾರಿಯಿಲ್ಲ. ಹೊಸ ಅರ್ಜಿ ತೀರ್ಮಾನವಾಗುವವರೆಗೆ ನೋಟೀಸು ತಡೆದಿಡಬಹುದು.

“ಸ್ಥಳ ನೋಡಕ್ಕೆ ಬರೋ ದಿನ ಮುಂಚೆನೇ ಫೋನ್ ಮಾಡಿ ತಿಳಿಸ್ತೀವಿ,” ಎಂದರು. ಅಷ್ಟರೊಳಗೆ ಪೈಪೂ ಕಲ್ಲೂ ಕಣ್ಣಿಗೆ ಬೀಳದಂತೆ ಮಾಡಿಕೊಳ್ಳಿ ಎಂದು ಅದರರ್ಥ. ಅವರು ಒಳ್ಳೆಯವರೇ. ನಿಯಮದೊಳಗೆ ನುಸುಳಿ ನಮಗೆ ಸಹಾಯ ಮಾಡುತ್ತಿದ್ದರು. ಸಹಾಯ ಮಾಡುವುದಕ್ಕೂ ಅವರಿಗೆ ಒಂದು ಸುಳ್ಳು ಬೇಕಿತ್ತು.

ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ನಾ ಮದುವೆಯಾಗಿ ಬಂದ ದಿನ ಮೊದ್ಲು ಕರ್ಕೊಂಡು ಹೋಗಿದ್ದು ಆ ಕಲ್ಲಿನ ಹತ್ರ. ಒಲೆ ಮುಂದೆ ಅಲ್ಲ. ವೀಳ್ಯದೆಲೆ ಅಡಕೆ ಇಟ್ಟು, ಪೂಜೆ ಮಾಡಿ, ಒಂದು ಕೊಡ ನೀರು ಹೊತ್ಕೊಂಡು ಮನೆ ಒಳಗೆ ಬಂದಿದ್ದು. ದೀಪಾವಳಿಗೆ ನೀರು ತುಂಬೋ ದಿನ ವರ್ಷಾವರ್ಷ ಅದಕ್ಕೆ ಹೂ ಹಾಕಿದೀನಿ. ಈಗ ಅದು ಇಲ್ಲ ಅಂತ ಬರ್ಕೊಡ್ಬೇಕಾ?”

“ಬರೀ ಕಾಗದ ಅಕ್ಕ. ಕಲ್ಲು ಎಲ್ಲಿಗೂ ಹೋಗಲ್ಲ.”

“ಸುಳ್ಳು ಬರಿಯದು ನಿನ್ ಕಸುಬು. ನಂದಲ್ಲ.”

ಅವಳು ಹಾಗೆ ಹೇಳಿದ್ದು ನನಗೆ ನೋವಾಯಿತು. ನಿಜವಾದ್ದರಿಂದ ಹೆಚ್ಚು ನೋವಾಯಿತು.

ವಾರ ಕಳೆಯಿತು. ಗಾರ್ಡ್ ಒಮ್ಮೆ ಬಂದು ನೀರು ಕುಡಿದು, “ಕಾಡಲ್ಲಿ ಕಲ್ಲು ಎಲ್ಲ ಕಡೆ ಇರ್ತಾವೆ ಅಮ್ಮ, ಯಾವ್ದು ಯಾರು ಇಟ್ಟಿದ್ದು ಅಂತ ಯಾರಿಗೆ ಗೊತ್ತಾಗ್ತದೆ,” ಎಂದು ಅವರ ರೀತಿಯಲ್ಲಿ ಸಮಾಧಾನ ಹೇಳಿ ಹೋದರಂತೆ. ಅಕ್ಕನನ್ನು ಒಪ್ಪಿಸಿದ್ದು ಅವರೂ ಅಲ್ಲ, ನಾನೂ ಅಲ್ಲ. ಕೆಳಗಿನ ಮನೆಯಲ್ಲಿ ಸೊಸೆಗೆ ದಿನ ತುಂಬುತ್ತ ಬಂದಿತ್ತು. ನೀರು ನಿಂತೀತೆಂದು ಆ ಮನೆಯವರು ಮೂರು ಹೊಸ ಡ್ರಮ್ಮು ತಂದು ತಮ್ಮ ಅಂಗಳದಲ್ಲಿ ಸಾಲಾಗಿಟ್ಟು ತುಂಬಿಸಿಡತೊಡಗಿದರು. ಅದನ್ನು ನೋಡಿದ ದಿನ ಅಕ್ಕ ಫೋನು ಮಾಡಿ, “ಬರಿ,” ಎಂದಷ್ಟೇ ಹೇಳಿದಳು.

ನೋಟರಿಯ ಕೋಣೆ ಸಣ್ಣದು, ಮಧ್ಯಾಹ್ನದ ಸೆಕೆ, ಕರೆಂಟು ಬೇರೆ ಇರಲಿಲ್ಲ. ಸಹಿ ಹಾಕುವವರಿಗೆ ಒಮ್ಮೆ ಓದಿ ಹೇಳಿ ಎಂದರು ನೋಟರಿ. ನಾನು ಬೇಗ ಬೇಗ ಓದತೊಡಗಿದೆ. ಅಕ್ಕ, “ನಿಧಾನ ಓದು,” ಎಂದಳು. ನಿಧಾನವಾಗಿ ಓದಿದೆ. ಸದರಿ ಜಾಗದಲ್ಲಿ ಯಾವುದೇ ಕಲ್ಲು, ಪೈಪು ಅಥವಾ ಕಟ್ಟಡ ಇರುವುದಿಲ್ಲ. ನಾನಾಗಲಿ ನನ್ನ ಹಿರಿಯರಾಗಲಿ ಸದರಿ ಒರತೆಯ ನೀರನ್ನು ಎಂದೂ ಬಳಸಿರುವುದಿಲ್ಲ. ಮೇಲ್ಕಂಡ ವಿಷಯಗಳೆಲ್ಲವೂ ನನಗೆ ತಿಳಿದಮಟ್ಟಿಗೆ ಸತ್ಯವಾಗಿರುತ್ತವೆ.

ಅವಳು ಚೀಲದಿಂದ ಸ್ಟೀಲ್ ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದಳು. ನನಗೆ ಕೊಟ್ಟಳು, ನಾನೂ ಕುಡಿದೆ. ಬೆವರು ಒರೆಸಿಕೊಳ್ಳುತ್ತಿದ್ದ ನೋಟರಿಯೂ ಕೈಚಾಚಿದರು, ಮೇಲಿನಿಂದ ಸುರಿದುಕೊಂಡು ಕುಡಿದು ಬಾಟಲಿಯನ್ನೊಮ್ಮೆ ನೋಡಿದರು.

“ಒಳ್ಳೆ ರುಚಿ ಇದೆಯಲ್ಲ. ಎಲ್ಲಿ ನೀರಮ್ಮ ಇದು?”

ಅಕ್ಕ ನನ್ನ ಮುಖ ನೋಡಿದಳು. ಎಲ್ಲದಕ್ಕೂ ಒಂದು ವಾಕ್ಯ ಇಟ್ಟುಕೊಂಡವನು ನಾನು, ನೋಟರಿಯ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸತೊಡಗಿದೆ.

“ಗೊತ್ತಿಲ್ಲ ಸಾರ್,” ಎಂದು ಅವಳೇ ಹೇಳಿ, ಸಹಿ ಹಾಕಿದಳು.

ನೋಟೀಸು ತಡೆಯಲ್ಲಿದೆ. ಹೊಸ ಅರ್ಜಿ ಪರಿಶೀಲನೆಯಲ್ಲಿದೆ. ಸ್ಥಳ ನೋಡಲು ಇನ್ನೂ ಯಾರೂ ಬಂದಿಲ್ಲ. ನೀರು ಮೂರು ಮನೆಗೂ ಬರುತ್ತಿದೆ, ಗಾರ್ಡ್ ಬಂದಾಗೆಲ್ಲ ಕುಡಿಯುತ್ತಾರೆ, ತಟ್ಟೆಯ ಯಂತ್ರದ ಮೇಲೆ ಬೆಕ್ಕು ಮಲಗುತ್ತದೆ.

ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ನೀರು ತುಂಬುವ ದಿನ ಹಂಡೆ ತೊಳೆದು, ಅದಕ್ಕೆ ಹಿಂಡ್ಲೆ ಬಳ್ಳಿ ಸುತ್ತಿ, ಎಲ್ಲ ಸಿದ್ಧವಾಯಿತು. ಹೂವಿನ ತಟ್ಟೆ ಮಾತ್ರ ಕಾಣಲಿಲ್ಲ. ಅವಳು ಅಂಗಳದ ಪೈಪಿನಿಂದಲೇ ಹಂಡೆ ತುಂಬಿಸಲು ಶುರುಮಾಡಿದಳು. ಮೇಲೆ ಹೋಗುವುದಿಲ್ಲವೇ ಎಂದು ಕೇಳಿದೆ.

“ಅಲ್ಲಿ ಎಂತ ಇದೆ ಅಂತ ಹೋಗ್ಲಿ? ನೀನೇ ಓದಿ ಹೇಳಿದ್ಯಲ್ಲ, ಕಲ್ಲೇ ಇಲ್ಲ ಅಂತ.”

ಅವಳ ದನಿ ಇಳಿದಿತ್ತು. ನಾನು ಹಿತ್ತಿಲಿನಿಂದ ನಾಲ್ಕು ದಾಸವಾಳ ಕಿತ್ತುಕೊಂಡು ಒಬ್ಬನೇ ಗುಡ್ಡ ಹತ್ತಿದೆ. ಕಲ್ಲಿನ ಮೇಲೆ ತರಗೆಲೆ ಬಿದ್ದು ಮುಚ್ಚಿತ್ತು. ಅದನ್ನು ಸರಿಸಿ, ಕಲ್ಲು ತೊಳೆದು, ಹೂವಿಟ್ಟು, ಕೆಳಗಿಳಿದು ಬಂದೆ. ಅಕ್ಕ ನನ್ನ ಒದ್ದೆ ಕೈ ನೋಡಿದಳು, ಒರೆಸಿಕೊಳ್ಳಲು ಟವೆಲು ಕೊಟ್ಟಳು.